ನಿಮ್ಮ ತಲೆಯ ಮೇಲೆ ಯಾರ ಕೈ?

ಕೂತ್ಕೊಳ್ಳಿ. ಹಿಂದೆ ಗೋಡೆಗೆ ಒರಗಿ ನಿಂತಿರುವ ತಮ್ಮಂದಿರೇ, ಮುಂದೆ ಎರಡು ಸಾಲು ಖಾಲಿ ಇದೆ, ಬನ್ನಿ. ಮುಂದೆ ಕೂತವರಿಗೆ ಜಾಸ್ತಿ ಬೈಯಲ್ಲ, ಭಯ ಬೇಡ.

ಸಿಸ್ಟರ್ ಈಗ ಓದಿದ ಭಾಗ ಗಲಾತ್ಯದವರಿಗೆ ಬರೆದ ಪತ್ರಿಕೆ, 2ನೇ ಅಧ್ಯಾಯ, 11ರಿಂದ 14ನೇ ವಚನದವರೆಗೆ. ಬೈಬಲ್ ತೆರೆದೇ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಓದುವವರು ವಾಟ್ಸಾಪ್ ಮುಚ್ಚಿ.

ಜಾಗ ಅಂತಿಯೋಕ್ಯ. ದೊಡ್ಡ ನಗರ. ನಮ್ಮ ಬೆಂಗಳೂರಿನ ಹಾಗೆ ಎಲ್ಲೆಲ್ಲಿಂದಲೋ ಕೆಲಸಕ್ಕೆ, ವ್ಯಾಪಾರಕ್ಕೆ ಬಂದ ಜನ. ಶಿಷ್ಯರಿಗೆ ಕ್ರೈಸ್ತರು ಅನ್ನೋ ಹೆಸರು ಮೊದಲು ಬಂದದ್ದೇ ಅಲ್ಲಿ. ಆ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಕೂತು ಊಟ ಮಾಡ್ತಿದ್ದರು. ಪೇತ್ರ ಬಂದ, ಅವನೂ ಅವರ ಜೊತೆ ಕೂತ, ತಿಂದ. ಆಮೇಲೆ ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ ಕೆಲವರು ಬಂದರು. ಬಂದ ಮೇಲೆ ಪೇತ್ರ ಮೆಲ್ಲಗೆ ಹಿಂದೆ ಸರಿದ. ಗಲಾಟೆ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ, ಅನ್ಯಜನರ ವಿರುದ್ಧ ಪ್ರಸಂಗ ಮಾಡಲಿಲ್ಲ. ಎದ್ದು ಬೇರೆ ಕಡೆ ಹೋದ, ಅಷ್ಟೇ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಕೊನೆಗೆ ಬಾರ್ನಬ ಕೂಡ. ಬಾರ್ನಬ ಅಂದರೆ ಎಲ್ಲರಿಗೂ ಧೈರ್ಯ ಹೇಳುವ ಮನುಷ್ಯ, ಅವನೂ!

ಪೌಲ ಇದನ್ನು ಸಣ್ಣ ವಿಷಯ ಅಂತ ಬಿಡಲಿಲ್ಲ. ಕರೆದು ಗುಟ್ಟಾಗಿ ಹೇಳಲೂ ಇಲ್ಲ. ಎಲ್ಲರ ಮುಂದೆ, ಮುಖಾಮುಖಿ ಕೇಳಿದ. ಯಾಕೆ ಅಂದರೆ 14ನೇ ವಚನ ನೋಡಿ, ಅವರ ನಡೆ ಸುವಾರ್ತೆಯ ಸತ್ಯಕ್ಕೆ ಸರಿಯಾಗಿಲ್ಲ ಅನ್ನೋದು ಅವನ ಮಾತಿನ ತಾತ್ಪರ್ಯ. ಊಟದ ವಿಷಯವನ್ನು ಪೌಲ ಸುವಾರ್ತೆಯ ವಿಷಯ ಅಂತ ನೋಡಿದ. ಯಾರ ಪಕ್ಕದಲ್ಲಿ ಕೂರ್ತೀಯ ಅನ್ನೋದು ಊಟದ ಹಾಲಿನ ಏರ್ಪಾಡು ಅಲ್ಲ, ಅದು ಶಿಲುಬೆಯ ಪ್ರಶ್ನೆ. ಆಮೆನ್ ಹೇಳೋರು ಕಮ್ಮಿ ಆದರು ಇವತ್ತು. ಪರವಾಗಿಲ್ಲ.

ಈ ಪೇತ್ರ ಯಾರು? ಪಂಚಾಶತ್ತಮ ದಿನದಲ್ಲಿ ಎದ್ದು ನಿಂತು ಪ್ರಸಂಗ ಮಾಡಿದವನು. ಅವನ ತಲೆಯ ಮೇಲೂ ಬೆಂಕಿಯ ನಾಲಿಗೆ ಇಳಿದಿತ್ತು. ಯೊಪ್ಪದ ಮಾಳಿಗೆಯ ಮೇಲೆ ದರ್ಶನ ಕಂಡವನು. ಕೊರ್ನೇಲ್ಯನ ಮನೆಯಲ್ಲಿ ತಾನು ಇನ್ನೂ ಮಾತಾಡುತ್ತಿರುವಾಗಲೇ ಅನ್ಯಜನರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ಕಣ್ಣಾರೆ ನೋಡಿದವನು. ಅಂದರೆ ಅಭಿಷೇಕ ಇತ್ತು, ದರ್ಶನ ಇತ್ತು, ಅನ್ಯಭಾಷೆ ಇತ್ತು. ಅಷ್ಟೆಲ್ಲಾ ಇದ್ದೂ ಮನುಷ್ಯ ಪಕ್ಕದವನ ತಟ್ಟೆಯಿಂದ ದೂರ ಸರಿಯಬಲ್ಲ. ಪೆಂತೆಕೋಸ್ತಿನವರಾದ ನಮಗೆ ಇದು ನುಂಗಲಾರದ ತುತ್ತು. ನಾವು ಏನಂದುಕೊಂಡಿದ್ದೀವಿ? ಅಭಿಷೇಕ ಬಂದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತೆ ಅಂತ. ಹೋಗಲಿಲ್ಲ. ಅಂತಿಯೋಕ್ಯದಲ್ಲೂ ಹೋಗಲಿಲ್ಲ, ನಮ್ಮ ಚರಿತ್ರೆಯಲ್ಲೂ ಹೋಗಲಿಲ್ಲ. ಆ ಚರಿತ್ರೆಯನ್ನೇ ಇವತ್ತು ಹೇಳಬೇಕು ಅಂತ ಕರ್ತನು ಮನಸ್ಸಿನಲ್ಲಿ ಹಾಕಿದ್ದಾನೆ.

ನಾವು ಹಾಡೋದು, ಚಪ್ಪಾಳೆ ತಟ್ಟೋದು, ಅನ್ಯಭಾಷೆಯಲ್ಲಿ ಪ್ರಾರ್ಥಿಸೋದು, ಈ ಉಜ್ಜೀವನ ಎಲ್ಲಿಂದ ಹರಡಿತು ಅಂತ ಯೂತ್ ಮೀಟಿಂಗ್‌ನಲ್ಲಿ ಕೇಳಿದೆ. ಒಬ್ಬ ತಮ್ಮ ಅಂದ, 'ಅಣ್ಣ, ಯೂಟ್ಯೂಬಿಂದ.' (ನಗು.) ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಓದುವಾಗ ನಮ್ಮ ನೋಟ್ಸಿನಲ್ಲಿ ಇದರ ಬಗ್ಗೆ ಅರ್ಧ ಪುಟ ಇತ್ತು. ಅದರಲ್ಲಿ ಬೀದಿಯ ಹೆಸರಿತ್ತು, ಇಸವಿ ಇತ್ತು. ಆ ಮನುಷ್ಯನ ಚರ್ಮದ ಬಣ್ಣ ಇರಲಿಲ್ಲ. ಬಣ್ಣ ಬಿಟ್ಟು ಹೇಳಿದರೆ ಆ ಕಥೆಯೇ ಇಲ್ಲ.

ವಿಲಿಯಂ ಸೀಮೋರ್. 1870ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದು ಬಿಡುಗಡೆ ಹೊಂದಿದವರು. ಸಿಡುಬು ಬಂದು ಇವರ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. 1906ರ ಆರಂಭದಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಚಾರ್ಲ್ಸ್ ಪಾರ್ಹಮ್ ಅನ್ನೋ ಬಿಳಿಯ ಬೋಧಕರು ಒಂದು ಬೈಬಲ್ ಶಾಲೆ ನಡೆಸ್ತಿದ್ದರು. ಪವಿತ್ರಾತ್ಮನ ದೀಕ್ಷಾಸ್ನಾನಕ್ಕೆ ಅನ್ಯಭಾಷೆಯೇ ಗುರುತು ಅಂತ ಕಲಿಸ್ತಿದ್ದರು. ಸೀಮೋರ್‌ಗೆ ಕಲಿಯುವ ಹಸಿವು. ಆದರೆ ಆ ರಾಜ್ಯದಲ್ಲಿ ಕಪ್ಪು ಜನರೂ ಬಿಳಿಯರೂ ಒಂದೇ ತರಗತಿಯಲ್ಲಿ ಕೂರುವ ಹಾಗಿಲ್ಲ. ಪಾರ್ಹಮ್ ಏನು ಮಾಡಿದರು? ಹೊರಗೆ ಹಜಾರದಲ್ಲಿ ಕೂತು, ತೆರೆದ ಬಾಗಿಲಿನಿಂದ ಕೇಳಿಸಿಕೋ ಅಂದರು. ಪವಿತ್ರಾತ್ಮನ ಬಗ್ಗೆ ಪಾಠ ಒಳಗೆ, ಶಿಷ್ಯ ಹೊರಗೆ. ಸೀಮೋರ್ ಕೂತರು, ಕೇಳಿಸಿಕೊಂಡರು, ಕಲಿತರು.

ನಮ್ಮ ಊರುಗಳಲ್ಲಿ ತಾತ, ಮುತ್ತಾತಂದಿರು ಶಾಲೆಯ ಹೊರಗೆ, ಕಿಟಕಿ ಪಕ್ಕ ಕೂತು ಅಕ್ಷರ ಕಲಿತವರು ಈ ಹಾಲಿನಲ್ಲೇ ಎಷ್ಟು ಮನೆಗಳಲ್ಲಿ ಇದ್ದಾರೆ? ಕೈ ಎತ್ತಬೇಡಿ. ನಿಮಗೇ ಗೊತ್ತು. ಆದ್ದರಿಂದ ಸೀಮೋರ್ ಕಥೆ ನಮಗೆ ಪರದೇಶದ ಕಥೆ ಅಲ್ಲ.

ಅದೇ ವರ್ಷ ಫೆಬ್ರವರಿಯಲ್ಲಿ ಅವರು ಲಾಸ್ ಏಂಜಲೀಸ್‌ಗೆ ಬಂದರು. ಕರೆಸಿಕೊಂಡ ಸಣ್ಣ ಸಭೆಯವರಿಗೆ ಇವರ ಉಪದೇಶ ಒಪ್ಪಿಗೆ ಆಗಲಿಲ್ಲ, ಬಾಗಿಲಿಗೆ ಬೀಗ ಹಾಕಿದರು. ಅದು ಕಪ್ಪು ಜನರದೇ ಸಭೆ, ಇದನ್ನೂ ಹೇಳಬೇಕು. ಬೀಗ ಹಾಕೋದಕ್ಕೆ ಬಣ್ಣವೇ ಬೇಕು ಅಂತಿಲ್ಲ. ಆಮೇಲೆ ಬಾನಿ ಬ್ರೇ ಅನ್ನೋ ಬೀದಿಯ ಒಂದು ಮನೆಯಲ್ಲಿ ಪ್ರಾರ್ಥನೆ. ಬಂದವರು ಹೆಚ್ಚಾಗಿ ಮನೆಗೆಲಸದವರು, ಬಟ್ಟೆ ಒಗೆಯುವವರು, ಕಸ ಗುಡಿಸುವವರು. ಏಪ್ರಿಲ್ 9ರಂದು ಅಲ್ಲಿ ಆತ್ಮನು ಇಳಿದ. ಜನ ತುಂಬಿ ಮನೆ ಸಾಲದೆ ಹೋಯಿತು. ಆಗ ಸಿಕ್ಕಿದ್ದು ಅಜುಸಾ ಬೀದಿಯ 312ನೇ ನಂಬರ್ ಕಟ್ಟಡ. ಒಂದು ಕಾಲದಲ್ಲಿ ಚರ್ಚು, ಆಮೇಲೆ ಕುದುರೆ ಲಾಯ. ಅಳತೆ ಸುಮಾರು 40ಕ್ಕೆ 60 ಅಡಿ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಒಂದು ಬಿಡಿಎ ಸೈಟು! ಹಲಗೆಗಳನ್ನು ಪೀಪಾಯಿಗಳ ಮೇಲಿಟ್ಟು ಬೆಂಚು ಮಾಡಿದರು. ಎರಡು ಮರದ ಪೆಟ್ಟಿಗೆ ಒಂದರ ಮೇಲೊಂದು ಇಟ್ಟರೆ ಅದೇ ಪುಲ್ಪಿಟ್. ಸೀಮೋರ್ ಎಷ್ಟೋ ಹೊತ್ತು ಆ ಪೆಟ್ಟಿಗೆಯೊಳಗೆ ತಲೆಯಿಟ್ಟು ಪ್ರಾರ್ಥಿಸ್ತಾ ಇದ್ದರಂತೆ. ಸೌಂಡ್ ಸಿಸ್ಟಮ್ ಸರಿಯಿಲ್ಲ ಅಂತ ಪ್ರತಿ ವಾರ ನನ್ನ ತಲೆ ತಿನ್ನುವ ಮೀಡಿಯಾ ಟೀಮಿನವರೇ, ಕೇಳಿಸ್ತಾ?

ಅಲ್ಲಿ ನಡೆದ ದೊಡ್ಡ ಅದ್ಭುತ ಯಾವುದು? ಸ್ವಸ್ಥತೆಗಳ ಸಾಕ್ಷಿ ಇದೆ, ಅನ್ಯಭಾಷೆ ಇದೆ, ಎಲ್ಲ ಸರಿ. ಆದರೆ ಕಾಲ ನೆನಪಿಟ್ಟುಕೊಳ್ಳಿ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಬಣ್ಣದ ಪ್ರಕಾರ ರೈಲು ಡಬ್ಬಿ ಬೇರೆ ಮಾಡಿದ್ದು ಕಾನೂನಿಗೆ ವಿರುದ್ಧ ಅಲ್ಲ ಅಂತ ತೀರ್ಪು ಕೊಟ್ಟಿತ್ತು. ಬಿಳಿಯರ ಗುಂಪುಗಳು ಕಪ್ಪು ಜನರನ್ನು ಮರಕ್ಕೆ ನೇಣು ಹಾಕುತ್ತಿದ್ದ ಕಾಲ. ಆ ಕಾಲದಲ್ಲಿ, ಒಂದು ಹಳೇ ಲಾಯದಲ್ಲಿ, ಕಪ್ಪು ಮನುಷ್ಯ ಹಿರಿಯನಾಗಿ ನಿಂತು ಕಪ್ಪು ಜನರು, ಬಿಳಿಯರು, ಮೆಕ್ಸಿಕೋದವರು, ಏಷ್ಯಾದವರು ಒಟ್ಟಿಗೆ ಮೊಣಕಾಲೂರಿದರು. ದಿನಕ್ಕೆ ಮೂರು ಕೂಟ, ವಾರಕ್ಕೆ ಏಳು ದಿನ, ಸುಮಾರು ಮೂರು ವರ್ಷ. ಪತ್ರಿಕೆಯವರು ಗೇಲಿ ಮಾಡಿದರು. ಅನ್ಯಭಾಷೆಗೆ ಎಷ್ಟು ನಕ್ಕರೋ, ಬಿಳಿಯ ಹೆಂಗಸರು ಕಪ್ಪು ಗಂಡಸಿನ ಮುಂದೆ ಮೊಣಕಾಲೂರಿದ್ದಕ್ಕೆ ಅಷ್ಟೇ ಉರಿದುಕೊಂಡರು.

ಈಗ ಒಬ್ಬ ಮನುಷ್ಯನ ಕಥೆ. ಇವತ್ತು ಬೇರೆಲ್ಲಾ ಮರೆತರೂ ಇದನ್ನು ಮರೀಬೇಡಿ. ಹೆಸರು ಜಿ. ಬಿ. ಕ್ಯಾಷ್‌ವೆಲ್. ನಾರ್ತ್ ಕೆರೊಲಿನಾದ ಡನ್ ಅನ್ನೋ ಊರಿನ ಬಿಳಿಯ ಬೋಧಕ, ವಯಸ್ಸು ನಲವತ್ತು ದಾಟಿತ್ತು. ಅಜುಸಾ ಬೀದಿಯ ಸುದ್ದಿ ಓದಿ, 1906ರ ಕೊನೆಯಲ್ಲಿ ರೈಲು ಹತ್ತಿದ. ಅಮೆರಿಕದ ಆ ಕಡೆಯಿಂದ ಈ ಕಡೆಗೆ ದಿನಗಟ್ಟಲೆ ಪ್ರಯಾಣ. ಅಷ್ಟು ಬಾಯಾರಿಕೆ ಅಭಿಷೇಕಕ್ಕೆ!

ಬಂದು ನೋಡಿದರೆ ನಡೆಸುವವರು ಕಪ್ಪು ಜನ. ಅದನ್ನು ಹೇಗೋ ಸಹಿಸಿಕೊಂಡ. ಆಮೇಲೆ ಒಬ್ಬ ಕಪ್ಪು ಯುವಕ ಬಂದು ಇವನ ತಲೆಯ ಮೇಲೆ ಕೈಯಿಟ್ಟು, ಈ ಅಣ್ಣನಿಗೆ ಅಭಿಷೇಕ ಕೊಡು ಸ್ವಾಮಿ ಅಂತ ಪ್ರಾರ್ಥಿಸಲು ಶುರು ಮಾಡಿದ. ಕ್ಯಾಷ್‌ವೆಲ್‌ಗೆ ಮೈಯೆಲ್ಲ ಮುಳ್ಳು. ಎದ್ದು ಹೊರಟೇಬಿಟ್ಟ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಮನುಷ್ಯ ಕೆಟ್ಟವನಲ್ಲ. ಕಪ್ಪು ಜನರಿಗಾಗಿ ಪ್ರಾರ್ಥಿಸು ಅಂದಿದ್ದರೆ ಪ್ರಾರ್ಥಿಸುತ್ತಿದ್ದ. ಕಾಣಿಕೆ ಕೊಡು ಅಂದರೆ ಕೊಡ್ತಿದ್ದ. ಅವರ ನಡುವೆ ಕೂರು ಅಂದರೆ ಕೂರುವಷ್ಟು ದೂರವೂ ಬಂದಿದ್ದ. ಎಲ್ಲಿ ಸಿಕ್ಕಿಬಿದ್ದ? ಅವರ ಕೈ ತನ್ನ ತಲೆಯ ಮೇಲೆ ಬಂದಾಗ. ಕೊಡುವ ಕೈ ಯಾವಾಗಲೂ ಮೇಲಿರುತ್ತೆ. ನಾನು ಕೊಡುವವನಾಗಿರುವಷ್ಟು ಕಾಲ ನನ್ನ ದೊಡ್ಡಸ್ತಿಕೆಗೆ ಏನೂ ಆಗಲ್ಲ. ಅವರಿಂದ ನನಗೆ ಬೇಕು, ಅವರ ಬಳಿ ಇರೋದು ನನ್ನ ಬಳಿ ಇಲ್ಲ, ಅವರ ಕೈಕೆಳಗೆ ತಲೆ ಬಗ್ಗಿಸಬೇಕು ಅನ್ನುವಾಗ ಮನುಷ್ಯ ಎದ್ದು ಹೊರಡ್ತಾನೆ.

ಅಜುಸಾದಲ್ಲಿ ಇಂಥ ಕೈಗಳು ಬೇಕಾದಷ್ಟಿದ್ದವು. ಲೂಸಿ ಫ್ಯಾರೋ ಅನ್ನೋ ಕಪ್ಪು ಸಹೋದರಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಅವರು ಕೈಯಿಟ್ಟು ಪ್ರಾರ್ಥಿಸಿದರೆ ಜನ ಅಭಿಷೇಕ ಹೊಂದುತ್ತಾರೆ ಅಂತಲೇ ಹೆಸರಾಗಿದ್ದರು. ಕ್ಯಾಷ್‌ವೆಲ್ ಬೇಡ ಅಂದದ್ದು ಇದನ್ನು. ಕೋಣೆಗೆ ಹೋದ. ಬಾಗಿಲು ಹಾಕಿಕೊಂಡ. ತನ್ನೊಳಗೆ ಇನ್ನೂ ಸಾಯಬೇಕಾದದ್ದು ಬಹಳ ಇದೆ ಅಂತ ಅಲ್ಲಿ ಗೊತ್ತಾಯಿತು. ಕೆಲವು ದಿನ ದೇವರ ಜೊತೆ ಹೋರಾಡಿದ, ಯಾಕೋಬನ ಹಾಗೆ. ಆಮೇಲೆ ವಾಪಸು ಬಂದ. ಬಂದು ಏನು ಕೇಳಿದ? ಬಿಳಿಯರು ಯಾರಾದರೂ ನನಗೆ ಪ್ರಾರ್ಥಿಸಿ ಅನ್ನಲಿಲ್ಲ. ಸೀಮೋರ್‌ರನ್ನೂ ಅಲ್ಲಿದ್ದ ಕಪ್ಪು ಯುವಕರನ್ನೂ ಕರೆದು, ನನ್ನ ತಲೆಯ ಮೇಲೆ ಕೈಯಿಡಿ ಅಂದ. ಅವರು ಇಟ್ಟರು. ಅಭಿಷೇಕ ಬಂತು. ಅಷ್ಟೇ ಅಲ್ಲ, ಆ ಬಡ ಸಭೆಯವರು ಕಾಣಿಕೆ ಎತ್ತಿ ಅವನಿಗೆ ಹೊಸ ಸೂಟು ಹೊಲಿಸಿ, ಊರಿಗೆ ಹೋಗಲು ರೈಲು ಖರ್ಚಿಗೂ ಕೊಟ್ಟು ಕಳಿಸಿದರು. ಡಿಸೆಂಬರ್ 31ರಂದು ಡನ್‌ನಲ್ಲಿ ಒಂದು ತಂಬಾಕಿನ ಗೋದಾಮಿನಲ್ಲಿ ಅವನು ಕೂಟ ಶುರು ಮಾಡಿದ. ಅಮೆರಿಕದ ದಕ್ಷಿಣ ರಾಜ್ಯಗಳ ಸಾವಿರಾರು ಬಿಳಿಯರಿಗೆ ಉಜ್ಜೀವನ ಅಲ್ಲಿಂದ ಮುಟ್ಟಿತು.

ಇದು ಬೈಬಲಿನಲ್ಲಿ ಇಲ್ಲದ್ದೇನಲ್ಲ. ಅದೇ ಅಂತಿಯೋಕ್ಯಕ್ಕೆ ವಾಪಸು ಬನ್ನಿ, ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ, ಮೊದಲ ಮೂರು ವಚನ. ಆ ಸಭೆಯ ಪ್ರವಾದಿಗಳ, ಬೋಧಕರ ಪಟ್ಟಿ ಇದೆ. ನೀಗರ ಅನ್ನಿಸಿಕೊಂಡ ಸಿಮೆಯೋನ. ನೀಗರ ಅಂದರೆ ಲ್ಯಾಟಿನ್‌ನಲ್ಲಿ ಕಪ್ಪು. ಮೈಬಣ್ಣದಿಂದಲೇ ಬಂದ ಹೆಸರು ಅಂತ ಅನೇಕ ಪಂಡಿತರು ಹೇಳ್ತಾರೆ. ಇನ್ನೊಬ್ಬ ಕುರೇನ್ಯದ ಲೂಕ್ಯ. ಕುರೇನ್ಯ ಇರೋದು ಉತ್ತರ ಆಫ್ರಿಕಾದಲ್ಲಿ, ಈಗಿನ ಲಿಬಿಯಾ. ಇವರು ಉಪವಾಸ ಮಾಡಿ, ಪ್ರಾರ್ಥಿಸಿ, ಬಾರ್ನಬ ಮತ್ತು ಸೌಲರ ಮೇಲೆ ಕೈಗಳನ್ನಿಟ್ಟು ಕಳಿಸಿದರು. ಅಂದರೆ ಪೌಲನ ಮೊದಲ ಸುವಾರ್ತಾ ಪ್ರಯಾಣಕ್ಕೆ ಮುಂಚೆ ಅವನ ತಲೆಯ ಮೇಲೆ ಆಫ್ರಿಕಾದ ಕೈ ಇತ್ತು. ಹಲ್ಲೆಲೂಯಾ! ಮೇಜಿನಿಂದ ಎದ್ದ ಪೇತ್ರನಿಗೆ ಪೌಲ ಅಷ್ಟು ಗಟ್ಟಿಯಾಗಿ ಯಾಕೆ ಮಾತಾಡಿದ ಅಂತ ಈಗ ಯೋಚನೆ ಮಾಡಿ. ಅವನಿಗೆ ಅದು ಸಿದ್ಧಾಂತದ ಪ್ರಶ್ನೆ ಮಾತ್ರ ಆಗಿರಲಿಲ್ಲ, ಆ ಸಭೆಯ ಜನ ಅವನ ಸ್ವಂತ ಜನ.

ಅಜುಸಾ ಮುಂದೆ ಏನಾಯ್ತು? ಇದನ್ನು ಬೇಗ ಹೇಳಿ ಮುಗಿಸ್ತೀನಿ, ಹೇಳೋದಕ್ಕೆ ಸಂತೋಷ ಇಲ್ಲ. 1906ರ ಅಕ್ಟೋಬರ್‌ನಲ್ಲಿ, ಕ್ಯಾಷ್‌ವೆಲ್ ಬರುವ ಮುಂಚೆಯೇ, ಪಾರ್ಹಮ್ ಬಂದು ನೋಡಿದರು. ಬಾಗಿಲ ಹೊರಗೆ ಕೂರಿಸಿದ್ದ ಶಿಷ್ಯ ಒಳಗೆ ನಿಂತು ನಡೆಸ್ತಿದ್ದಾನೆ, ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಬಿದ್ದು ಅಳ್ತಿದ್ದಾರೆ. ಅವರಿಗೆ ಅಸಹ್ಯವಾಯಿತು. ಖಂಡಿಸಿದರು. ಸಭೆಯವರು ಅವರನ್ನು ಹೊರಡಿ ಅಂದರು, ಅವರು ಹತ್ತಿರದಲ್ಲೇ ಬೇರೆ ಕೂಟ ಶುರು ಮಾಡಿದರು. ಅನ್ಯಭಾಷೆಯ ಉಪದೇಶ ಕೊಟ್ಟ ಅದೇ ಮನುಷ್ಯ ಮುಂದೆ ಕು ಕ್ಲಕ್ಸ್ ಕ್ಲಾನ್ ಅನ್ನು ಹೊಗಳಿದ್ದೂ ದಾಖಲೆಯಲ್ಲಿದೆ. ನಾನು ಮೊದಲೇ ಹೇಳಿದೆ, ಅಭಿಷೇಕದ ಉಪದೇಶ ಇದ್ದ ಮಾತ್ರಕ್ಕೆ ಆಗಲ್ಲ ಅಂತ.

ಸಿ. ಎಚ್. ಮೇಸನ್ ಅನ್ನೋ ಕಪ್ಪು ಬಿಷಪ್ 1907ರಲ್ಲಿ ಅಜುಸಾಕ್ಕೆ ಹೋಗಿ ಅಭಿಷೇಕ ಹೊಂದಿದವರು. ಅವರ ಸಂಸ್ಥೆ ಸರ್ಕಾರದಲ್ಲಿ ನೋಂದಣಿ ಆಗಿತ್ತು. ಅದರ ದೀಕ್ಷಾಪತ್ರ ಇದ್ದರೆ ಮದುವೆ ಮಾಡಿಸಬಹುದು, ರೈಲು ಟಿಕೆಟ್ ಕಡಿಮೆ ದರಕ್ಕೆ ಸಿಗುತ್ತೆ. ಹಾಗಾಗಿ ನೂರಾರು ಬಿಳಿಯ ಬೋಧಕರು ಅವರ ಹೆಸರಿನಲ್ಲಿ ಪತ್ರ ಪಡೆದಿದ್ದರು. 1914ರಲ್ಲಿ ಅರ್ಕಾನ್ಸಾಸ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಸುಮಾರು 300 ಜನ ಸೇರಿ ತಮ್ಮದೇ ಬೇರೆ ಸಂಸ್ಥೆ ಮಾಡಿಕೊಂಡರು, ಬಹುತೇಕ ಎಲ್ಲರೂ ಬಿಳಿಯರು. ಮೇಸನ್ ಅಲ್ಲಿಗೂ ಹೋಗಿ, ವಾಕ್ಯ ಹೇಳಿ, ಹರಸಿ ಬಂದರು. ಜಗಳ ಇಲ್ಲ, ಬೈಗುಳ ಇಲ್ಲ. ಪೇತ್ರ ಎದ್ದು ಹೋದ ಹಾಗೇ. 1948ರಲ್ಲಿ ಪೆಂತೆಕೋಸ್ತ್ ಸಂಸ್ಥೆಗಳ ಒಂದು ದೊಡ್ಡ ಒಕ್ಕೂಟ ಆಯಿತು, ಕಪ್ಪು ಜನರ ಒಂದು ಸಂಸ್ಥೆಯನ್ನೂ ಅದಕ್ಕೆ ಕರೆಯಲಿಲ್ಲ. ಸೀಮೋರ್? ಅವರು 1922ರಲ್ಲಿ ತೀರಿಕೊಂಡಾಗ ಅಜುಸಾದಲ್ಲಿ ಉಳಿದಿದ್ದದ್ದು ಸಣ್ಣ ಗುಂಪು.

1994ರ ಅಕ್ಟೋಬರ್‌ನಲ್ಲಿ ಮೆಂಫಿಸ್ ನಗರದಲ್ಲಿ ಆ ಒಕ್ಕೂಟದ ಹಿರಿಯರು ಕಪ್ಪು ಜನರ ಸಭೆಗಳ ಹಿರಿಯರ ಜೊತೆ ಕೂತರು. ಮೆಂಫಿಸ್ ಯಾವ ಊರು ಗೊತ್ತಾ? 1968ರಲ್ಲಿ ಕಪ್ಪು ಪೌರಕಾರ್ಮಿಕರು ಮುಷ್ಕರ ಹೂಡಿದ ಊರು. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತ ಮೇಲೆ ಶುರುವಾದ ಮುಷ್ಕರ ಅದು. ಮಾರ್ಟಿನ್ ಲೂಥರ್ ಕಿಂಗ್ ಅವರು ಅವರಿಗಾಗಿ ಬಂದು, ಏಪ್ರಿಲ್ 3ರ ರಾತ್ರಿ ತಮ್ಮ ಕೊನೆಯ ಭಾಷಣ ಮಾಡಿದ್ದು ಮೇಸನ್ ಟೆಂಪಲ್‌ನಲ್ಲಿ, ನಾನು ಈಗ ಹೇಳಿದ ಅದೇ ಬಿಷಪ್ ಹೆಸರಿನ ಪೆಂತೆಕೋಸ್ತ್ ಆಲಯದಲ್ಲಿ. ಮರುದಿನ ಅವರನ್ನು ಕೊಂದರು. ಆ ಊರಿನಲ್ಲಿ, 26 ವರ್ಷದ ನಂತರ, ಒಬ್ಬ ಬಿಳಿಯ ಪಾಸ್ಟರ್ ನೀರಿನ ಬೋಗುಣಿ ತಂದು ಬಿಷಪ್ ಇಥಿಯಲ್ ಕ್ಲೆಮನ್ಸ್ ಅವರ ಕಾಲು ತೊಳೆದರು. ಆಮೇಲೆ ಒಬ್ಬ ಕಪ್ಪು ಬಿಷಪ್ ಬಿಳಿಯ ನಾಯಕರ ಕಾಲು ತೊಳೆದರು. ಅಷ್ಟಕ್ಕೆ ನಿಲ್ಲಿಸದೆ ಹಳೇ ಒಕ್ಕೂಟವನ್ನೇ ಮುಚ್ಚಿ ಹೊಸದು ಕಟ್ಟಿ, ಕ್ಲೆಮನ್ಸ್ ಅವರನ್ನು ಅದರ ಮೊದಲ ಅಧ್ಯಕ್ಷರಾಗಿ ಮಾಡಿದರು. ನನಗೆ ಕಣ್ಣೀರಿಗಿಂತ ಇದು ದೊಡ್ಡದಾಗಿ ಕಾಣುತ್ತೆ. ಕಾಲು ತೊಳೆದು ಫೋಟೋ ತೆಗೆಸಿಕೊಂಡು ಕುರ್ಚಿ ಮಾತ್ರ ಬಿಡದಿದ್ದರೆ, ಆ ನೀರಿನಿಂದ ಏನು ಪ್ರಯೋಜನ?

ಸರಿ. ಲಾಸ್ ಏಂಜಲೀಸ್ ಆಯಿತು, ಮೆಂಫಿಸ್ ಆಯಿತು. ಅಜುಸಾದಿಂದ ಹೊರಟ ಬಿಳಿಯ ದಂಪತಿ, ಗಾರ್ ಅಂತ, 1907ರ ಹೊತ್ತಿಗೆ ಕಲ್ಕತ್ತಾ ಮುಟ್ಟಿದ್ದರು. ಅದಕ್ಕೂ ಮುಂಚೆ, 1905ರಲ್ಲೇ, ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಆಶ್ರಮದ ವಿಧವೆಯರ, ಅನಾಥ ಹೆಣ್ಣುಮಕ್ಕಳ ಮೇಲೆ ಆತ್ಮನು ಇಳಿದಿದ್ದ. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬ್ರಾಹ್ಮಣ ಮನೆತನದ ಆ ಪಂಡಿತೆ ಬರಗಾಲದಲ್ಲಿ ಬಿಟ್ಟುಹೋದ ಎಲ್ಲ ಜಾತಿಯ ಮಕ್ಕಳನ್ನು ತಂದು ಸಾಕಿದರು. ದೇವರು ಉಜ್ಜೀವನವನ್ನು ಎಲ್ಲಿ ಇಳಿಸುತ್ತಾನೆ ಅಂತ ಗಮನಿಸಿ: ಲಾಯದಲ್ಲಿ, ವಿಧವೆಯರ ಆಶ್ರಮದಲ್ಲಿ. ಆ ಬೆಂಕಿಯ ವಾರಸುದಾರರು ನಾವು ಅಂತ ಹೇಳಿಕೊಳ್ತೀವಿ. ಈಗ ನಮ್ಮ ಹಾಲಿಗೆ ಬರೋಣ.

ಎರಡು ವಾರದ ಹಿಂದೆ ನಮ್ಮ ಹಿರಿಯರು ಕೂತು ಒಂದು ತೀರ್ಮಾನ ಮಾಡಿದರು. ಇವತ್ತಿನಿಂದ ಆರಾಧನೆ ಮುಗಿದ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸುವವರಲ್ಲಿ, ಕರ್ತನ ಭೋಜನ ಹಂಚುವವರಲ್ಲಿ, ಹೊಸದಾಗಿ ಮೂವರು ಇರ್ತಾರೆ. ಕಾಂಗೋದಿಂದ ಬಂದು ಇಲ್ಲಿ ಓದುತ್ತಿರುವ ಬ್ರದರ್. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಣಿಪುರದ ಸಿಸ್ಟರ್. ಮತ್ತೆ ಮುಂಡಗೋಡದ ಕಡೆಯ ನಮ್ಮ ಸಿದ್ದಿ ತಂಗಿ. ಈ ತಂಗಿ ನಿಮಗಿಂತ ನನಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾಳೆ, ಆದರೂ ಈ ಬೆಂಗಳೂರಿನಲ್ಲಿ ಆಟೋದವರಿಂದ ಹಿಡಿದು ನಮ್ಮ ವಿಶ್ವಾಸಿಗಳವರೆಗೆ ಎಲ್ಲರೂ 'ಯಾವ ದೇಶ?' ಅಂತ ಇಂಗ್ಲಿಷಿನಲ್ಲಿ ಕೇಳ್ತಾರೆ.

ಆ ತೀರ್ಮಾನ ಗ್ರೂಪಿಗೆ ಹಾಕಿದ ರಾತ್ರಿ ನನಗೆ ಎರಡು ಫೋನ್ ಬಂತು. ಯಾರದು ಅಂತ ಹೇಳಲ್ಲ, ನೀವೂ ಊಹಿಸಬೇಡಿ. ಇಬ್ಬರೂ ಪ್ರಾರ್ಥಿಸುವವರು, ಕೊಡುವವರು. ಒಬ್ಬರು ಹೇಳಿದರು, 'ಪಾಸ್ಟರ್, ಅವರು ಬರಲಿ, ಬೇಡ ಅಂತ ಯಾರು ಹೇಳ್ತಾರೆ? ಆದರೆ ಮಧ್ಯಾಹ್ನ ಅವರಿಗೇ ಒಂದು ಸರ್ವಿಸ್ ಮಾಡಿಬಿಟ್ರೆ ಅವರಿಗೂ ಅನುಕೂಲ.' ಭಾಷೆಗೆ ಬೇರೆ ಆರಾಧನೆ ಇರೋದು ತಪ್ಪಲ್ಲ. ತಮಿಳಿನ ಅಜ್ಜಿಗೆ ತಮಿಳಿನಲ್ಲಿ ವಾಕ್ಯ ಬೇಕು. ಆದರೆ ಈ ಮೂವರೂ ಬೇರೆ ಸರ್ವಿಸ್ ಕೇಳಿಲ್ಲ. ಕೇಳಿದವರು ನಾವು. ಅವರ ಅನುಕೂಲದ ಹೆಸರಿನಲ್ಲಿ ನಮ್ಮ ಅನುಕೂಲ. ಹ್ಯೂಸ್ಟನ್‌ನ ಹಜಾರವೂ ಸೀಮೋರ್‌ಗೆ ಮಾಡಿಕೊಟ್ಟ ಅನುಕೂಲವೇ ಆಗಿತ್ತು.

ಇನ್ನೊಬ್ಬರು ಹೇಳಿದರು, ಸಭೆಯಲ್ಲಿ ರಾಜಕೀಯ ಬೇಡ, ಕ್ರಿಸ್ತನಲ್ಲಿ ಎಲ್ಲರೂ ಒಂದೇ, ಬಣ್ಣ ಎತ್ತಿದರೆ ಭೇದ ಹುಟ್ಟುತ್ತೆ. ಗಲಾತ್ಯ 3:28 ನನಗೇ ಹೇಳಿದರು. ಆ ವಚನ ಬರೆದವನು ಯಾರು? ಪೌಲ. ಯಾವ ಪತ್ರಿಕೆಯಲ್ಲಿ? ಪೇತ್ರನನ್ನು ಎಲ್ಲರ ಮುಂದೆ ಪ್ರಶ್ನಿಸಿದ ಅದೇ ಪತ್ರಿಕೆಯಲ್ಲಿ, ಒಂದೇ ಅಧ್ಯಾಯ ಹಿಂದೆ. ಎಲ್ಲರೂ ಒಂದೇ ಆಗಿರೋದರಿಂದಲೇ, ಒಬ್ಬ ಮೇಜಿನಿಂದ ಎದ್ದರೆ ಮಾತಾಡಲೇಬೇಕು. ಸುಮ್ಮನಿದ್ದರೆ ಒಗ್ಗಟ್ಟು ಉಳಿಯಲ್ಲ, ಎದ್ದು ಹೋದವನ ಸುಖ ಉಳಿಯುತ್ತೆ.

ಮತ್ತೆ ಇದು ಈ ಊರಿನಲ್ಲಿ ಬರೀ ಮಾತಿನ ವಿಷಯ ಅಲ್ಲ. 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಸಿಟಿ ಸ್ಟೇಷನ್‌ನಲ್ಲಿ ಗುವಾಹಟಿ ರೈಲು ಹತ್ತಿದರು. ನಿಮ್ಮಲ್ಲಿ ಕೆಲವರು ಆಗ ಶಾಲೆಯಲ್ಲಿದ್ದಿರಿ, ಟಿವಿಯಲ್ಲಿ ನೋಡಿದ್ದೀರಿ. 2016ರ ಜನವರಿ ಕೊನೆಯಲ್ಲಿ, ಇನ್ಯಾರೋ ಮಾಡಿದ ಅಪಘಾತಕ್ಕೆ, ನಮ್ಮದೇ ನಗರದ ಅಂಚಿನಲ್ಲಿ ಗುಂಪು ಸೇರಿ ಟಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯನ್ನು ಹೊಡೆದರು. ಬೇರೆ ದೇಶದ ಕಪ್ಪು ಮನುಷ್ಯನ ಕಾರು ಅಂದರೆ ದಾರಿಯಲ್ಲಿ ಸಿಕ್ಕ ಕಪ್ಪು ಹುಡುಗಿಯೂ ಅಪರಾಧಿ. ಅಂಥ ಊರಿನಲ್ಲಿ ಆ ಹುಡುಗಿ ಭಾನುವಾರ ಬಂದು ಕೂರೋದು ನಮ್ಮ ಪಕ್ಕದಲ್ಲಿ. ನಾವು ಸ್ವಲ್ಪ ಸರಿದು ಕೂತರೆ ಅವಳಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೀರಾ?

ಇನ್ನೆರಡು ಮಾತು. ಮನೆ ಬಾಡಿಗೆಗೆ ಕೊಡುವ ಅಂಕಲ್, ಆಂಟಿಯರಿಗೆ ಗೌರವದಿಂದ ಹೇಳ್ತೀನಿ. ಕಾಂಗೋದ ಬ್ರದರ್ ಮೂರು ತಿಂಗಳಿಂದ ಮನೆ ಹುಡುಕ್ತಿದ್ದಾರೆ. ಫೋನಿನಲ್ಲಿ 'ಬನ್ನಿ, ಖಾಲಿ ಇದೆ' ಅಂತಾರೆ. ಮುಖ ನೋಡಿದ ಮೇಲೆ 'ಅಯ್ಯೋ, ಈಗಷ್ಟೇ ಅಡ್ವಾನ್ಸ್ ತಗೊಂಡ್ವಿ' ಅಂತಾರೆ. ಟು ಲೆಟ್ ಬೋರ್ಡ್ ಮಾತ್ರ ಮರುದಿನವೂ ನೇತಾಡ್ತಿರುತ್ತೆ. ಅಂಥ ಬೋರ್ಡ್ ನಮ್ಮ ಸಭೆಯ ಮನೆಗಳಲ್ಲೂ ಇದೆ. ವಿದೇಶಿಯರಿಗೆ ಮನೆ ಕೊಟ್ಟರೆ ಪೊಲೀಸ್, ಕಾಗದ ಪತ್ರ ಅಂತ ಭಯ ಇದ್ದರೆ, ಮಾಲೀಕರು ಒಂದು ಫಾರ್ಮ್ ಅನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಅಷ್ಟೇ. ನಾನೂ ನಿಮ್ಮ ಹಾಗೆ ವಾರವೆಲ್ಲ ಆಫೀಸಿಗೆ ಹೋಗುವವನು. ಸಂಜೆ ಏಳರ ಮೇಲೆ ಫೋನ್ ಮಾಡಿ, ನಿಮ್ಮ ಮನೆಗೇ ಬಂದು ತುಂಬಿಕೊಡ್ತೀನಿ.

ಯೌವನಸ್ಥರೇ, ನಿಮ್ಮ ಮದುವೆ ಬಯೋಡೇಟಾಗಳು ನನ್ನ ಹತ್ತಿರ ಬರ್ತವೆ. ಮೊದಲ ಸಾಲು: ಹೊಸದಾಗಿ ಹುಟ್ಟಿದ, ಆತ್ಮಭರಿತ ಸಂಗಾತಿ ಬೇಕು. ಎರಡನೇ ಸಾಲು: ಜಾತಿ. ಮೂರನೇ ಸಾಲು: ಫೇರ್. ಇದನ್ನು ಓದಿ ನಾನು ಅರಣ್ಯಕಾಂಡ 12 ತೆರೀತೀನಿ. ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾದ ಅಂತ ಮಿರ್ಯಾಮ್ ಗೊಣಗಿದಳು, ಅವಳ ಚರ್ಮ ಹಿಮದ ಹಾಗೆ ಬೆಳ್ಳಗಾಯಿತು. ಬಿಳುಪು ಬೇಕಿತ್ತಲ್ಲ, ತಗೋ ಅನ್ನೋ ಹಾಗೆ! (ನಗು.) ನಗಿ, ಆದರೆ ಇವತ್ತು ರಾತ್ರಿ ಆ ಫೈಲ್ ತೆರೆದು ಎರಡನೇ, ಮೂರನೇ ಸಾಲು ಅಳಿಸಿ. ಅಮ್ಮ ಅಪ್ಪ ಒಪ್ಪದಿದ್ದರೆ ನನ್ನನ್ನು ಕರೀರಿ, ಕಾಫಿಗೆ ಬರ್ತೀನಿ, ಕೂತು ಮಾತಾಡೋಣ.

ವರ್ಷಿಪ್ ಟೀಮ್ ಬನ್ನಿ. ಕೀಬೋರ್ಡ್ ಸಾಕು, ಡ್ರಮ್ಸ್ ಬೇಡ.

ಇವತ್ತು ಪ್ರಾರ್ಥನೆಗೆ ಮುಂದೆ ಬರುವವರು ನನ್ನ ಹತ್ತಿರ ಸಾಲು ನಿಲ್ಲಬೇಡಿ. ನಾನು ಕೈಯಿಡಲ್ಲ ಇವತ್ತು. ಬ್ರದರ್, ಬನ್ನಿ. ಸಿಸ್ಟರ್, ನೀವೂ. ತಂಗಿ, ಬಾಮ್ಮ, ಈ ಕಡೆ ನಿಂತ್ಕೋ. ಹಿರಿಯರೆಲ್ಲ ಮೊದಲು ಬರಲಿ, ನಾವು ಮೊಣಕಾಲೂರೋಣ. ಫೋನ್ ಮಾಡಿದ ಇಬ್ಬರಿಗೂ ಜಾಗ ಇದೆ, ನಾನು ನಿಮ್ಮ ಪಕ್ಕದಲ್ಲೇ ಇರ್ತೀನಿ. ಬ್ರದರ್, ಫ್ರೆಂಚ್‌ನಲ್ಲೇ ಪ್ರಾರ್ಥನೆ ಮಾಡಿ, ನಿಮ್ಮ ಭಾಷೆಯಲ್ಲಿ ಮಾಡಿ. ಕರ್ತನಿಗೆ ಅರ್ಥ ಆಗುತ್ತೆ, ನಾವು ಆಮೆನ್ ಹೇಳ್ತೀವಿ.